ದೊರಸಾನಿಗೆ ಹೊತ್ತ ಗಂಜಿ

ಮೊದಲೇ ಹೇಳಿಬಿಡುತ್ತೇನೆ, ತಪ್ಪು ನನ್ನದು. ನಮ್ಮ ಕೇರಿಯ ಯುವಕರು ಕಟ್ಟಿದ ವೇದಿಕೆಯ ಮೇಲೆ, ಸೊಂಟಕ್ಕೆ ಕೆಂಪು ಟವೆಲು ಸುತ್ತಿ, ತಲೆಯ ಮೇಲೆ ಅಲ್ಯೂಮಿನಿಯಂ ತಪ್ಪಲೆ ಇಟ್ಟುಕೊಂಡು, “ಯೆಸ್ ಮೇಡಂ, ಗಂಜಿ ಮೇಡಂ” ಎಂದು ಕುಣಿದವನು ನಾನು. ಎದುರಿಗೆ ಕೇರಿಗೆ ಕೇರಿಯೇ ಕೂತಿತ್ತು. ಮೊದಲ ಸಾಲಿನ ಪ್ಲಾಸ್ಟಿಕ್ ಕುರ್ಚಿಯಲ್ಲಿ ನನ್ನ ಅಜ್ಜಿ. ನಾನು ನಕಲು ಮಾಡುತ್ತಿದ್ದದ್ದು ಅವಳ ಅಪ್ಪನನ್ನು. ಅದು ನನಗೆ ಗೊತ್ತಿತ್ತು. ಗೊತ್ತಿರಲಿಲ್ಲ ಎಂದು ಹೇಳಿ ತಪ್ಪಿಸಿಕೊಳ್ಳುವ ದಾರಿಯೂ ನನಗಿಲ್ಲ.

ನಾನು ನಕಲಿಯವ. ಅಂಕೋಲೆ ಬಸ್ ನಿಲ್ದಾಣದಲ್ಲಿ ಮೈಕು ಹಿಡಿದು ಕಾರವಾರದ ಬಸ್ಸು ಬಂತೆಂದು ಕೂಗುವವನಿಂದ ಹಿಡಿದು, ಕೇಣಿಯಿಂದ ಮೀನು ತರುವ ಹೆಂಗಸಿನವರೆಗೆ, ಮಾತಿನ ನಡುವೆ ಮೂಗಿಗೆ ನಶ್ಯ ಏರಿಸುವ ನಮ್ಮ ಭಟ್ಟರವರೆಗೆ, ಯಾರನ್ನೂ ಬಿಟ್ಟಿಲ್ಲ. ಮದುವೆ ಮನೆಯಲ್ಲಿ ನನ್ನನ್ನು ಕಂಡರೆ ಅರ್ಧ ಜನ ನಗುತ್ತಾರೆ, ಇನ್ನರ್ಧ ಜನ ಮಾತು ನಿಲ್ಲಿಸುತ್ತಾರೆ. ಉಳಿದವರೆಲ್ಲ ಮುಗಿದ ದಿನ ನನ್ನನ್ನೇ ನಾನು ಮಾಡುತ್ತೇನೆ: ಇಪ್ಪತ್ತಾರು ವರ್ಷದ, ಮೂರು ಸಲ ಕೆಲಸದ ಪರೀಕ್ಷೆ ಬರೆದು ಮೂರು ಸಲವೂ ‘ಸ್ವಲ್ಪದರಲ್ಲಿ ತಪ್ಪಿತು’ ಎಂದು ಹೇಳಿಕೊಂಡು ತಿರುಗುವ ಮನುಷ್ಯನನ್ನು. ಅದಕ್ಕೆ ಎಲ್ಲಕ್ಕಿಂತ ಹೆಚ್ಚು ಚಪ್ಪಾಳೆ.

ಈ ವಿದ್ಯೆ ನನಗೆ ಬಂದದ್ದು ಅಜ್ಜಿಯಿಂದ. ಅವಳಿಗೆ ಅವಳ ಅಪ್ಪನಿಂದ. ನನ್ನ ಮುತ್ತಜ್ಜ ಕಾರವಾರದ ಗುಡ್ಡದ ಮೇಲಿನ ಬಂಗಲೆಯೊಂದರಲ್ಲಿ, ಕಾಡಿನ ಇಲಾಖೆಯ ಬಿಳಿ ಸಾಯ್ಬನ ಮನೆಯಲ್ಲಿ, ಅಡಿಗೆಯವನಾಗಿದ್ದ. ಹೆಂಡತಿ ಮಗಳ ಜೊತೆ ಬಂಗಲೆಯ ಹಿಂದಿನ ಔಟ್‌ಹೌಸಿನಲ್ಲಿ ವಾಸ. ಕೆಲಸ ಮುಗಿಸಿ ಬಂದವನು ಕೈಕಾಲು ತೊಳೆದು, ಸಾಯ್ಬ ಹೇಗೆ ಗಂಟಲು ಕೆರೆದ, ದೊರಸಾನಿ ಹೇಗೆ ಕರೆದಳು ಎಂದು ಮಾಡಿ ತೋರಿಸುತ್ತಿದ್ದನಂತೆ. ಮಗಳು ಅದನ್ನು ನೋಡಿ ಕಲಿತಳು. ತೊಂಬತ್ತು ದಾಟಿದ ಮೇಲೂ, ಹಲ್ಲಿಲ್ಲದ ಬಾಯಿಯಲ್ಲಿ, ಅಜ್ಜಿ ದೊರಸಾನಿಯನ್ನು ಕರೆತಂದು ನಮ್ಮ ಚಾವಡಿಯಲ್ಲಿ ಕೂರಿಸುತ್ತಿದ್ದಳು.

ಅಜ್ಜಿಯ ಹತ್ತಿರ ಇಬ್ಬರು ದೊರಸಾನಿಯರಿದ್ದರು. ಇಬ್ಬರೂ ಒಬ್ಬಳೇ. ಒಬ್ಬಳು ಲಡಾಯಿಗೆ, ಅಂದರೆ ಎರಡನೆಯ ಮಹಾಯುದ್ಧಕ್ಕೆ, ಮೊದಲಿನವಳು, ಇನ್ನೊಬ್ಬಳು ಲಡಾಯಿ ಸುರುವಾದ ಮೇಲಿನವಳು.

ಮೊದಲಿನವಳನ್ನು ಮಾಡುವಾಗ ಅಜ್ಜಿಯ ಗದ್ದ ಮೇಲೇರುತ್ತಿತ್ತು. “ಬಾಯ್! ಟೀ ಲಾವ್!” ಅಷ್ಟೇ. ಕರೆದದ್ದು ಮೂವತ್ತು ಹೆಜ್ಜೆ ಆಚೆಗಿದ್ದ ಅಡಿಗೆಮನೆಗೆ. ಆ ಅಡಿಗೆಮನೆ ಎಲ್ಲಿದೆ ಎಂದು ದೊರಸಾನಿಗೆ ಗೊತ್ತೇ ಇರಲಿಲ್ಲ ಎಂದು ಅಜ್ಜಿ ಆಣೆ ಹಾಕುತ್ತಿದ್ದಳು. ಆಗ ಮುಖ್ಯ ಅಡಿಗೆಯವನು ಗೋವೆಯ ಒಬ್ಬ ಕುಸಿನೇರ. ನನ್ನ ಮುತ್ತಜ್ಜ ಅವನ ಕೈಕೆಳಗೆ ಒಲೆ ಉರಿಸುವವ. ಉಣ್ಣುವವರು ಇಬ್ಬರು, ಅವರಿಗೆ ಪಂಖ ಎಳೆಯುವವ ಒಬ್ಬ, ನೀರು ಹೊರುವವ ಒಬ್ಬ, ತೋಟದವ ಒಬ್ಬ, ನಾಯಿಯನ್ನು ಸಮುದ್ರದ ದಂಡೆಗೆ ಕರೆದೊಯ್ಯುವವ ಒಬ್ಬ.

“ನಾಯಿಗೇ ಒಬ್ಬ ಮನ್ಷಾ?” ಎಂದು ನಾನು ಪ್ರತಿಸಲವೂ ಕೇಳಬೇಕು. ಅದು ನನ್ನ ಪಾತ್ರ.

“ಹೌದಾ ತಮಾ. ನಿಂಗೆ ಮಾತ್ರ ಯಾರೂ ಇಲ್ಲ, ನೋಡು,” ಎಂದು ಅವಳು ಪ್ರತಿಸಲವೂ ಹೇಳಬೇಕು.

ಆಮೇಲೆ ಲಡಾಯಿ. ಬಾಂಬು ಬಿದ್ದದ್ದು ಎಲ್ಲೋ ದೂರದ ವಿಲಾಯತಿಯಲ್ಲಿ. ಕಾರವಾರದ ಬಂಗಲೆಯಲ್ಲಿ ಮೊದಲು ಮಾಯವಾದದ್ದು ಡಬ್ಬಿಯ ಬೆಣ್ಣೆ. ಹಿಂದೆಯೇ ಕುಸಿನೇರ ಹಡಗಿನ ಕೆಲಸಕ್ಕೆಂದು ಮುಂಬಯಿಗೆ ಹೋದ. ನಾಯಿಯ ಆಳು ಪಲ್ಟಣಕ್ಕೆ ಸೇರಿದ. ಪೆಟ್ರೋಲು ಸಿಗದೆ ಸಾಯ್ಬನ ಕಾರು ಗೋಣಿ ಹೊದ್ದುಕೊಂಡು ನಿಂತಿತು, ಸಾಯ್ಬ ಸೈಕಲ್ಲು ಏರಿದ. ಅಂಕೋಲೆಗೆ ಬರುವ ಬಸ್ಸು ಇದ್ದಲಿನ ಹೊಗೆಯಲ್ಲೇ ಓಡಲೆಂದು ಅದರ ಹಿಂದೆ ಇದ್ದಲಿನ ಒಲೆ ಕಟ್ಟಿದರು. ಏರುದಾರಿ ಬಂದರೆ ಜನ ಇಳಿದು ನೂಕಬೇಕು, ಇಳಿದವರ ಮುಖವೆಲ್ಲ ಮಸಿ. ಒಲೆ ಉರಿಸುತ್ತಿದ್ದ ಮುತ್ತಜ್ಜ ಇದ್ದಕ್ಕಿದ್ದಂತೆ ಇಡೀ ಬಂಗಲೆಯ ಅಡಿಗೆಯವನಾದ. ಯಾರೂ ಅವನನ್ನು ಮೇಲೇರಿಸಲಿಲ್ಲ. ಮೇಲಿನವರೆಲ್ಲ ಹೊರಟುಹೋಗಿದ್ದರು.

ಅಂಥ ಒಂದು ದಿನ ದೊರಸಾನಿ ಮೂವತ್ತು ಹೆಜ್ಜೆ ನಡೆದು ಅಡಿಗೆಮನೆಯ ಬಾಗಿಲಿಗೆ ಬಂದು ನಿಂತಳು. “ಕುಕ್, ಟೀ ಹೈ?” ಎಂದಳು.

ಈ ಎರಡನೆಯ ದೊರಸಾನಿಯನ್ನು ಮಾಡುವಾಗ ಅಜ್ಜಿಯ ಗದ್ದ ಇಳಿಯುತ್ತಿತ್ತು, ದನಿ ಇಳಿಯುತ್ತಿತ್ತು. “ತರೂಕೆ ಹೇಳ್ತಾ ಇದ್ದವ್ಳು, ಉಂಟಾ ಅಂದಿ ಕೇಳ್ದಳು. ಅಪ್ಪಂಗೆ ಎಂತ ಹೇಳೂದು ಅಂತ್ಲೇ ತಿಳೀಲಿಲ್ಲ. ಇದ್ದದ್ದು ಒಂದೇ ಚಮಚೆ ಚಾ ಪುಡಿ.” ಅವಳು ಕದ ಹಿಡಿದು ನಿಂತ ರೀತಿಯನ್ನು ಅಜ್ಜಿ ನಮ್ಮ ಚಾವಡಿಯ ಕಂಬ ಹಿಡಿದು ತೋರಿಸುತ್ತಿದ್ದಳು. ನನಗೆ ಮೊದಲಿನ ದೊರಸಾನಿಯೇ ಇಷ್ಟ. ಎರಡನೆಯವಳಲ್ಲಿ ನಗು ಕಡಿಮೆ.

ಆಮೇಲೆ ಅವಳು ಅಡಿಗೆಮನೆಗೆ ದಿನವೂ ಬರತೊಡಗಿದಳು. ವಿಲಾಯತಿಯಿಂದ ತಂಗಿಯ ಕಾಗದ ಬಂದರೆ ಅಲ್ಲೇ ಮುರುಕು ಸ್ಟೂಲಿನ ಮೇಲೆ ಕೂತು ಓದುತ್ತಿದ್ದಳು. ಸಾಯ್ಬನಿಗೆ ಕಾಗದ ಕೇಳುವ ತಾಳ್ಮೆಯಿರಲಿಲ್ಲ, ಅವನು ರೇಡಿಯೋಕ್ಕೆ ಕಿವಿ ಹಚ್ಚಿ ಕೂತಿರುತ್ತಿದ್ದ. ಇಂಗ್ಲಿಷಿನಲ್ಲಿ ಓದಿ, ತನ್ನ ಹರಕು ಹಿಂದೂಸ್ತಾನಿಯಲ್ಲಿ ತಿಳಿಸಿ ಹೇಳುತ್ತಿದ್ದಳು. ತಂಗಿಯ ಮನೆಯ ಕೆಲಸದ ಹುಡುಗಿ ಗಂಡಸರ ಹಾಗೆ ಚೊಣ್ಣ ಹಾಕಿಕೊಂಡು ಮದ್ದುಗುಂಡಿನ ಕಾರಖಾನೆಗೆ ಹೋದಳಂತೆ, ಇನ್ನು ಮನೆಗೆಲಸಕ್ಕೆ ಬರುವುದಿಲ್ಲ ಎಂದಳಂತೆ. ತಂಗಿ ಗುಲಾಬಿ ಗಿಡ ಕಿತ್ತು ಬಟಾಟೆ ಹಾಕಿದ್ದಾಳಂತೆ. ತುಂಡು ಮಾಂಸಕ್ಕೆ ಅರ್ಧ ದಿನ ಪಾಳಿಯಲ್ಲಿ ನಿಲ್ಲಬೇಕಂತೆ, ಅದೇ ಪಾಳಿಯಲ್ಲಿ ಹಿಂದೆ ತನ್ನ ಮನೆಯಲ್ಲಿ ಬಟ್ಟೆ ಒಗೆಯುತ್ತಿದ್ದವಳು ತನಗಿಂತ ಮುಂದೆ ನಿಂತಿದ್ದಳಂತೆ. ಅರಮನೆಗೂ ಬಾಂಬು ಬಿತ್ತಂತೆ. ತಂಗಿ ತನ್ನ ಪಾತ್ರೆ ತಾನೇ ತೊಳೆಯುತ್ತಾಳಂತೆ.

ಮುತ್ತಜ್ಜ ಇದನ್ನೆಲ್ಲ ಔಟ್‌ಹೌಸಿಗೆ ಬಂದು ಹೆಂಡತಿಯ ಮುಂದೆ ಮಾಡಿ ತೋರಿಸಿದ. ಹೆಂಡತಿ ಬೂದಿ ಹಚ್ಚಿ ಪಾತ್ರೆ ತಿಕ್ಕುತ್ತಿದ್ದವಳು ಕೈ ನಿಲ್ಲಿಸಿದಳಂತೆ.

“ದೊರಸಾನೀರು ಪಾತ್ರೆ ತೊಳೀತ್ರಾ?”

“ತೊಳೀತ್ರಂತೆ.”

“ಹಂಗಾರೆ ಲಡಾಯಿ ಇನ್ನೊಂದ್ ನಾಕ್ ವರ್ಷ ಇರ್ಲಿ.”

ಈ ಜಾಗದಲ್ಲಿ ಅಜ್ಜಿ ಎಷ್ಟು ನಗುತ್ತಿದ್ದಳೆಂದರೆ ಕೆಮ್ಮು ಹತ್ತುತ್ತಿತ್ತು. ಮುಂದಿನದು ಅವಳು ನಗದೆ ಹೇಳುತ್ತಿದ್ದ ಭಾಗ.

ದೊರಸಾನಿಗೆ ಒಬ್ಬನೇ ಮಗ. ವಿಲಾಯತಿಯಲ್ಲಿ ಓದುತ್ತಿದ್ದವನು ವಿಮಾನ ಹಾರಿಸುವವನಾಗಿದ್ದ. ಒಂದು ಬೆಳಿಗ್ಗೆ ತಾರಿನ ಪೇದೆ ಗುಡ್ಡ ಹತ್ತಿ ಬಂದ. ಮುತ್ತಜ್ಜನಿಗೆ ಇಂಗ್ಲಿಷು ಓದಲು ಬಾರದು, ಆದರೆ ನಕಲಿಯವನ ಕಿವಿ. ಮಗ ಹೋದನೆಂದು ಒಳಗಿನ ಎರಡು ಮಾತಿನಲ್ಲೇ ತಿಳಿದ. ನೇರ ಅಡಿಗೆಮನೆಗೆ ಹೋದ. ಮೂರು ಒಲೆ ಉರಿಯುತ್ತಿದ್ದವು, ಗೂಡಿನಲ್ಲಿ ಬ್ರೆಡ್ಡು ಅರ್ಧ ಬೆಂದಿತ್ತು. ಕೊಳ್ಳಿಗಳನ್ನು ಹೊರಗೆಳೆದು ನೀರು ಹೊಡೆದ. ಔಟ್‌ಹೌಸಿಗೆ ಬಂದು ಹೆಂಡತಿಗೆ ಹೇಳಿದ, “ಗಂಜಿ ಇಡು.”

ನಮ್ಮ ಕಡೆ ಸಾವಾದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ನೆರೆಯವರ ಒಲೆಯಿಂದ ಗಂಜಿ ಬರಬೇಕು. ಕುಚ್ಚಲಕ್ಕಿಯ ಬಿಸಿ ಗಂಜಿ, ಉಪ್ಪು ಬೇರೆ ಎಲೆಯಲ್ಲಿ, ಕುಡಿಯಲು ಹಲಸಿನೆಲೆ ಮಡಚಿ ಕಡ್ಡಿ ಚುಚ್ಚಿದ ಚಮಚೆ. ಯಾರೂ ಕರೆಯುವುದಿಲ್ಲ, ಯಾರೂ ಕೇಳುವುದಿಲ್ಲ. ಹೊತ್ತು ತಂದು ಇಟ್ಟು, “ಒಂದ್ ಗುಟುಕು ಉಣ್ಣಿ” ಎನ್ನುವುದು. ಮುತ್ತಜ್ಜನಿಗೆ ಇದರಲ್ಲಿ ಯೋಚಿಸುವಂಥದ್ದು ಏನೂ ಕಾಣಲಿಲ್ಲ. ಆ ಗುಡ್ಡದ ಮೇಲೆ ಸಾವಾದ ಮನೆಗೆ ನೆರೆಮನೆ ಎಂದರೆ ಅವನದೊಂದೇ.

ಸಾಯ್ಬರ ಪದ್ಧತಿ ಬೇರೆ ಎಂದು ಅವನಿಗೆ ಗೊತ್ತಿರಲಿಲ್ಲ. ಆ ಮಧ್ಯಾಹ್ನ ಇಬ್ಬರು ಮಿಲಿಟರಿ ಸಾಯ್ಬರಿಗೆ ಊಟಕ್ಕೆ ಹೇಳಿಯಾಗಿತ್ತು. ಸಾಯ್ಬ ಅದನ್ನು ಬೇಡವೆನ್ನಲಿಲ್ಲ. ಗಡ್ಡ ಹೆರೆದುಕೊಂಡು, ಕೊರಳಿಗೆ ಟೈ ಬಿಗಿದು, ಏನೂ ಆಗದವನ ಹಾಗೆ ಮೇಜಿಗೆ ಕೂತ. ಗಂಟೆ ಬಾರಿಸಿದ. ಊಟ ಬರಲಿಲ್ಲ. ಕೊನೆಗೆ ತಾನೇ ಎದ್ದು ಅಡಿಗೆಮನೆಗೆ ಬಂದ. ನೋಡಿದರೆ ಒದ್ದೆ ಬೂದಿ.

“ಸಾವಾದ್ ಮನೇಲಿ ಒಲೆ ಹಚ್ಚೂದಿಲ್ಲ, ಸಾಯೇಬ,” ಎಂದ ಮುತ್ತಜ್ಜ. ಅವನ ತಲೆಯ ಮೇಲೆ ಸಿಂಬಿ, ಸಿಂಬಿಯ ಮೇಲೆ ಗಂಜಿಯ ತಪ್ಪಲೆ.

ಸಾಯ್ಬನ ಮುಖ ಕೆಂಪಾಯಿತು. ಕೈ ಬಾಗಿಲ ಕಡೆ ತೋರಿಸಿತು. ಆಗ ಅವನ ಹಿಂದಿನಿಂದ ದೊರಸಾನಿ ಬಂದಳು. ಯಾರ ಮುಖವನ್ನೂ ನೋಡದೆ ಅಡಿಗೆಮನೆಯ ಮೆಟ್ಟಿಲ ಮೇಲೆ ಕೂತಳು. ಮುತ್ತಜ್ಜ ತಪ್ಪಲೆ ಇಳಿಸಿ ಬಟ್ಟಲಿಗೆ ಬಡಿಸಿದ. ಹಲಸಿನೆಲೆ ಹಿಡಿಯುವುದು ಅವಳಿಗೆ ತಿಳಿಯಲಿಲ್ಲ. ಗಂಜಿ ಸೋರಿ ಫ್ರಾಕಿನ ಮೇಲೆಲ್ಲ ಬಿತ್ತು. ಆದರೂ ಕುಡಿದಳು. ತಳದವರೆಗೆ ಕುಡಿದಳು. ಇದನ್ನು ಅಜ್ಜಿ ಔಟ್‌ಹೌಸಿನ ಬಾಗಿಲಲ್ಲಿ ನಿಂತು ಕಣ್ಣಾರೆ ಕಂಡಿದ್ದಳು.

“ಅಪ್ಪ ಎಲ್ಲಾನೂ ಮಾಡಿ ತೋರಿಸ್ತಿದ್ದ. ಅದೊಂದ್ನ ಮಾತ್ರ ಒಂದ್ ದಿನಾನೂ ಮಾಡ್ಲಿಲ್ಲ,” ಎನ್ನುತ್ತಿದ್ದಳು.

ಮರುದಿನ ಸಾಯ್ಬ ಮುತ್ತಜ್ಜನನ್ನು ಕೆಲಸದಿಂದ ಬಿಡಿಸಿದ. ಬೈಯಲಿಲ್ಲವಂತೆ. ಈ ಲಡಾಯಿ ಮುಗಿದ ಮೇಲೆ ಇಲ್ಲೂ ಹಿಂದಿನ ಹಾಗಿರುವುದಿಲ್ಲ, ಅಲ್ಲೂ ಹಿಂದಿನ ಹಾಗಿರುವುದಿಲ್ಲ, ನೀನು ಊರಿಗೆ ಹೋಗು ಎಂದನಂತೆ. ಹೊರಗೆ ಚಲೇಜಾವ್ ಎಂದು ಕೂಗುತ್ತ ಮೆರವಣಿಗೆ ಹೋದರೆ ಹಿಂದೆ ಕಿಟಕಿ ಮುಚ್ಚಿಸುತ್ತಿದ್ದವನು ಈಗ ಕಿಟಕಿ ತೆರೆದುಕೊಂಡೇ ಕೇಳುತ್ತಿದ್ದನಂತೆ. ಇದ್ದಲಿನ ಬಸ್ಸಿನಲ್ಲಿ, ಮುಖಕ್ಕೆ ಮಸಿ ಬಳಿದುಕೊಂಡು, ಮೂವರೂ ಅಂಕೋಲೆಗೆ ಬಂದರು.

ಅಷ್ಟು ಹೇಳಿ ಅಜ್ಜಿ “ಮುಗೀತು” ಎಂದು ಏಳುತ್ತಿದ್ದಳು. ಮುಗಿದಿದೆ ಎಂದೇ ನಾನು ನಂಬಿದ್ದೆ.

ಕೇರಿಯಲ್ಲಿ ಈ ಕತೆ ಬೇರೆಯದೇ ರೂಪದಲ್ಲಿತ್ತು. ‘ಬಿಳಿಯಮ್ಮನಿಗೆ ಗಂಜಿ ಕುಡಿಸಿದವ’ ಎಂದರೆ ನಮ್ಮಲ್ಲಿ ಗುಲಾಮಗಿರಿಗೆ ಇನ್ನೊಂದು ಹೆಸರು. ಮೇಲಿನವರ ಮುಂದೆ ಹಲ್ಲು ಕಿರಿಯುವವನನ್ನು ಕಂಡರೆ, “ಏನೋ, ಗಂಜಿ ಹೊತ್ಕಂಡಿ ಹೊಂಟ್ಯಾ?” ಎನ್ನುತ್ತಾರೆ. ಹೇಳುವ ಹುಡುಗರಲ್ಲಿ ಮುಕ್ಕಾಲು ಜನಕ್ಕೆ ಅದು ಯಾರ ಕತೆ ಎಂದೇ ತಿಳಿಯದು. ತಿಳಿದವನು ನಾನೊಬ್ಬ. ನಾನೂ ಹೇಳುತ್ತಿದ್ದೆ.

ಕಳೆದ ಆಗಸ್ಟಿನಲ್ಲಿ ಯುವಕರು ‘ಯುದ್ಧಕಾಲದ ನಮ್ಮ ಕೇರಿ’ ಎಂದು ಒಂದು ಸಭೆ ಇಟ್ಟುಕೊಂಡರು. ಜೈಲಿಗೆ ಹೋದವರನ್ನು, ಜಮೀನು ಕಳೆದುಕೊಂಡವರನ್ನು ನೆನೆಯುವ ಸಭೆ. ಉಪ್ಪು ಮಾಡಿದ, ಕರ ಕೊಡಲೊಲ್ಲೆ ಎಂದ ಸೀಮೆ ನಮ್ಮದು, ನೆನೆಯಲು ಜನ ಬೇಕಾದಷ್ಟಿದ್ದರು. ಅಧ್ಯಕ್ಷರು ನಮ್ಮ ಎದುರು ಮನೆಯ ಮಾಸ್ತರು. ಎಂಬತ್ತು ದಾಟಿದ ನಿವೃತ್ತ ಮಾಸ್ತರು, ಅವರ ಅಪ್ಪ ಜೈಲು ಕಂಡವರು. ನಡುವೆ ಬೇಸರವಾಗದಂತೆ ಹದಿನೈದು ನಿಮಿಷ ನನ್ನದೊಂದು ನಕಲು ಇರಲಿ ಎಂದರು ಹುಡುಗರು.

ಅದು ಅಜ್ಜಿಯ ಕಿವಿಗೆ ಬಿತ್ತು. ನಾನು ಚಾ ಕುಡಿಯುತ್ತಿದ್ದೆ. ಹತ್ತಿರ ಬಂದು ಕೂತಳು.

“ಲಡಾಯಿ ಕಾಲದವರ ಬಗ್ಗೆ ಅಂತೆ?”

“ಹೌದು.”

“ನನ್ನಪ್ಪನ್ ಬಗ್ಗೆ ಒಂದ್ ಮಾತ್ ಹೇಳೂಕೆ ಆಗ್ತದ್ಯಾ ತಮಾ? ಜಾಸ್ತಿ ಬ್ಯಾಡ. ಕೇರಿಯವರೆಲ್ಲ ಕೂತಿರ್ತ್ರು. ನಾ ಇರೂದ್ರೊಳಗೆ ಒಂದ್ ಚಲೋ ಮಾತು ನನ್ ಕಿವಿ ಮೇಲೆ ಬೀಳ್ಲಿ.”

ತೊಂಬತ್ಮೂರು ವರ್ಷದವಳು ನನ್ನ ಹತ್ತಿರ ಬೇಡಿದ್ದು ಅದೊಂದೇ. ನಾನು ಏನೆಂದೆ ಗೊತ್ತೇ? “ಬಂದು ನೋಡೇ ಅಜ್ಜಿ,” ಎಂದೆ. ಎಂದವನು ಒಳಗೊಳಗೇ ನಗುತ್ತಿದ್ದೆ. ನಕಲು ಆಗಲೇ ತಲೆಯಲ್ಲಿ ತಯಾರಾಗಿತ್ತು. ನೋಡಿದರೆ ಇವಳೂ ನಗುತ್ತಾಳೆ, ದೊರಸಾನಿಯನ್ನು ನಾನು ಇವಳಿಗಿಂತ ಚೆನ್ನಾಗಿ ಮಾಡುತ್ತೇನೆ ಎಂದು ಅವಳಿಗೂ ತಿಳಿಯಲಿ ಎಂಬ ಹಮ್ಮು ಬೇರೆ.

ಅವಳು ಪೆಟ್ಟಿಗೆಯಿಂದ ಸೀರೆ ತೆಗೆದು ಉಟ್ಟು ಬಂದಿದ್ದಳು. ಮೊದಲ ಸಾಲಿನವರೆಗೂ ನುಸಿಗುಳಿಗೆಯ ವಾಸನೆ. ಗೆಳೆಯನೊಬ್ಬ ತನ್ನ ಅವ್ವಿಯ ನೈಟಿ ತೊಟ್ಟು ದೊರಸಾನಿಯಾದ. ನಾನು ತಪ್ಪಲೆ ಹೊತ್ತು ಬಂದೆ. ಹೆಜ್ಜೆಗೊಂದು ಬಳುಕು, ಬಳುಕಿಗೊಂದು ಸಲಾಮು. ಒಮ್ಮೆ ತಪ್ಪಲೆಯನ್ನು ಮೇಲೆ ಎಸೆದು ಹಿಡಿದೆ. ದೊರಸಾನಿಯ ಬಾಯಿಗೆ ಗಾಳಿ ತುಂಬಿದ ಸೌಟು ಹಿಡಿದು, “ಮೇಡಂ, ನಮ್ದೂಕೆ ಗಂಜಿ, ನಿಮ್ದೂಕೆ ರಾಜ್ಯ,” ಎಂದೆ. ಜನ ಕುರ್ಚಿಯಿಂದ ಜಾರಿದರು. ಮಾಸ್ತರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡು ನಕ್ಕರು.

ಅಜ್ಜಿ ನಡುವೆ ಏಳಲಿಲ್ಲ. ಕೊನೆಯವರೆಗೂ ಕೂತಿದ್ದಳು. ಎಲ್ಲರೂ ಚಪ್ಪಾಳೆ ತಟ್ಟಿದಾಗ ಅವಳ ಕೈ ತೊಡೆಯ ಮೇಲಿನ ಸೆರಗಿನ ಚುಂಗನ್ನು ಸರಿಮಾಡಿತು. ತಿಂಡಿಯ ಪೊಟ್ಟಣಕ್ಕೆ ಕಾಯದೆ, ಗೋಡೆ ಹಿಡಿದುಕೊಂಡು ಮನೆಗೆ ಹೋದಳು.

ಬೈದಿದ್ದರೆ ಬದುಕಿಕೊಳ್ಳುತ್ತಿದ್ದೆ. ಬೈಯಲಿಲ್ಲ. ಊಟಕ್ಕೆ ಕರೆದಳು, ಬಡಿಸಿದಳು, ನೀರು ಕೊಟ್ಟಳು. ನಾಲ್ಕಾರು ದಿನ ಕಳೆದ ಮೇಲೆ ಮಾತು ತೆಗೆಯೋಣವೆಂದು, “ಅಜ್ಜಿ, ದೊರಸಾನಿ ಮಾಡೇ ಒಂದ್ಸಲ,” ಎಂದೆ.

“ಸತ್ತೋದ್ಳು,” ಎಂದಳು.

ಚೌತಿ ಕಳೆದ ಮೇಲೆ ಎದುರು ಮನೆಯ ಮಾಸ್ತರ ಹೆಂಡತಿ ತೀರಿಕೊಂಡರು. ನಸುಕಿನಲ್ಲಿ ಹಾಲಿಗೆಂದು ಎದ್ದವರು ಹಾಗೇ ಕೂತರಂತೆ. ಮಗ ಹುಬ್ಬಳ್ಳಿಯಿಂದ ಹೊರಟಿದ್ದ. ಯಾರೋ ಹೋಟೆಲ್ಲಿಗೆ ಫೋನು ಮಾಡಿ ನಲವತ್ತು ಪ್ಲೇಟು ಇಡ್ಲಿಗೆ ಹೇಳಿದ್ದರು. ಈಗ ಎಲ್ಲ ಕಡೆ ಹಾಗೇ. ಗಂಜಿ ಹೊರುವ ಪದ್ಧತಿ ನಮ್ಮ ಕೇರಿಯಲ್ಲಿ ನಿಂತೇಹೋಗಿದೆ, ಒಂದು ಮನೆಯನ್ನು ಬಿಟ್ಟು. ನಮ್ಮ ಮನೆಯಿಂದ ಮಾತ್ರ, ಯಾರು ಸತ್ತರೂ, ನನಗೆ ನೆನಪಿರುವಂದಿನಿಂದ, ಮೊದಲ ಗಂಜಿ ಹೋಗುತ್ತದೆ. ಹೊರುವವಳು ಅಜ್ಜಿಯೇ. ಹೋದ ವರ್ಷದವರೆಗೂ ಅವಳೇ ಹೊತ್ತಳು, ಹಿಂದಿನಿಂದ ನಾನು ಅವಳ ಬಾತುಕೋಳಿ ನಡಿಗೆಯನ್ನು ನಕಲು ಮಾಡುತ್ತ ಹೋಗುತ್ತಿದ್ದೆ. ಹೌದು, ಅದೂ ನಾನೇ.

ಅವತ್ತು ನಾನು ಎದ್ದು ಬರುವಷ್ಟರಲ್ಲಿ ಅವಳ ಒಲೆಯ ಮೇಲೆ ಗಂಜಿ ಕುದಿಯುತ್ತಿತ್ತು. ಗ್ಯಾಸಲ್ಲ, ಹಿತ್ತಲಿನ ಕಟ್ಟಿಗೆಯ ಒಲೆ. ಹಲಸಿನೆಲೆ ಮಡಚಿ ಇಟ್ಟಾಗಿತ್ತು. ಏಳಲು ನೋಡಿದಳು, ಮೊಣಕಾಲು ಕೇಳಲಿಲ್ಲ. ಎರಡು ಸಲ ನೋಡಿದಳು. ಆಮೇಲೆ ಹಳೆ ಸೀರೆಯ ತುಂಡನ್ನು ಸುತ್ತಿ ಸಿಂಬಿ ಮಾಡಿ, ನನ್ನ ತಲೆ ಬಗ್ಗಿಸಿ ಅದರ ಮೇಲಿಟ್ಟಳು.

“ನಾನಾ?” ಎಂದೆ.

“ಮತ್ಯಾರವ್ರೆ?”

ತುಂಬಿದ ತಪ್ಪಲೆ ತಲೆಯ ಮೇಲೆ ಕೂತಾಗ ನನಗೆ ಮೊದಲು ತಿಳಿದದ್ದು, ಕತ್ತು ತಿರುಗಿಸಲಾಗುವುದಿಲ್ಲ ಎಂದು. ಬಿಸಿ ಸಿಂಬಿಯನ್ನು ದಾಟಿ ನೆತ್ತಿಗಿಳಿಯುತ್ತದೆ. ಗಂಜಿ ಒಳಗೆ ತುಯ್ದರೆ ಇಡೀ ಮೈ ತುಯ್ಯುತ್ತದೆ. ಬಳುಕುವ ಮಾತು ದೂರ ಉಳಿಯಿತು, ಸರಿಯಾಗಿ ಉಸಿರಾಡಲೂ ಹೆದರಿಕೆ. ಮಳೆಗೆ ಪಾಚಿಗಟ್ಟಿದ ಅಂಗಳ ದಾಟಿ, ರಸ್ತೆ ದಾಟಿ, ಮಾಸ್ತರ ಮನೆಯ ಮೆಟ್ಟಿಲು ಹತ್ತಲು ನನಗೆ ಹಿಡಿದ ಹೊತ್ತಿನಲ್ಲಿ ಇಡ್ಲಿಯ ಗಾಡಿ ಬಂದು ಇಳಿಸಿ ಹೋಯಿತು. ಅಂಗಳದಲ್ಲಿದ್ದ ಒಬ್ಬ ನನ್ನನ್ನು ಕಂಡು ಬಾಯಿ ಮುಚ್ಚಿಕೊಂಡು ನಕ್ಕ. ಇದೂ ನಕಲು ಎಂದುಕೊಂಡಿರಬೇಕು. ನನಗಿದ್ದ ಹೆಸರಿಗೆ ಅದು ತಕ್ಕದ್ದೇ.

ಮಾಸ್ತರು ಒಳಗೆ ಗೋಡೆಗೊರಗಿ ಕೂತಿದ್ದರು. ತಪ್ಪಲೆ ಇಳಿಸಿದೆ. ಹೇಳಬೇಕಾದ ಮಾತು ಗೊತ್ತಿತ್ತು, ಎಷ್ಟೋ ಸಲ ಅಜ್ಜಿಯ ದನಿಯಲ್ಲಿ ನಕಲು ಮಾಡಿದ್ದೆ. ಈಗ ನನ್ನ ದನಿಯಲ್ಲಿ ಬರಲೊಲ್ಲದು.

“ಒಂದ್ ಗುಟುಕು ಉಣ್ಣಿ, ಮಾಸ್ತರ್ರೇ.”

ಅವರು ತಪ್ಪಲೆ ನೋಡಿದರು. ಆಮೇಲೆ ನನ್ನನ್ನು ನೋಡಿದರು.

“ನಿಮ್ಮಜ್ಜಿ ಕಳಿಸದ್ಳಾ? ಆ ದಿನ ಆದ್ ಮೇಲೂ?”

“ಹೌದು.”

ಅವರು ಹೆಂಡತಿಯ ಸುದ್ದಿ ತೆಗೆಯಲಿಲ್ಲ.

“ತಮಾ, ನಿನ್ ಮುತ್ತಜ್ಜ ಸತ್ತಾಗ ನಂಗೆ ಐದೋ ಆರೋ ವರ್ಷ. ಬಂಗಲೆ ಬಿಟ್ಟು ಬಂದಿ ಮೂರ್ನಾಕು ಮಳೆಗಾಲ ಆಗಿತ್ತು ಕಾಣ್ತದೆ. ಜ್ವರದಲ್ಲಿ ಹೋದ. ನನ್ನವ್ವಿ ಗಂಜಿ ಬೇಯ್ಸಿ ಇಟ್ಟಿದ್ಳು, ನಿಮ್ಮನೆಗೆ ಅಂತ. ಅಪ್ಪ ಹಿತ್ತಲಿಗೆ ಚೆಲ್ಲಿಸ್ದ.”

ನಾನು ಬಟ್ಟಲಿಗೆ ಗಂಜಿ ಬಡಿಸಿದೆ.

“ಅಪ್ಪ ಕೆಟ್ಟವ ಅಲ್ಲ. ಕರ ಕೊಡೂದಿಲ್ಲ ಅಂದಾಗ ಜಪ್ತಿ ಮಾಡೂಕೆ ಬಂದವ್ರು ನಮ್ಮನೆ ಒಲೆ ಮೇಲಿದ್ದ ಪಾತ್ರೆ ಸಮೇತ ಹೊತ್ಕಂಡಿ ಹೋಗಿದ್ರಂತೆ, ಒಳಗಿದ್ ಅನ್ನ ನೆಲಕ್ಕೆ ಸುರ್ದಿ. ನಮ್ಮನೆ ಪಾತ್ರೆ ಹೊತ್ಕಂಡಿ ಹೋದವರ ಮನೆಗೆ ನಿನ್ ಮುತ್ತಜ್ಜ ಪಾತ್ರೆ ತುಂಬ ಗಂಜಿ ಹೊತ್ಕಂಡಿ ಹೋದ. ಅದನ್ನ ಅಪ್ಪಂಗೆ ತಡ್ಕಳೂಕೆ ಆಗ್ಲಿಲ್ಲ. ‘ಗಂಜಿ ಕೊಟ್ಟವ ನೆಂಟ. ಅವನ ನೆಂಟರು ಬಿಳಿಯರು, ಅವ್ರೇ ತಂದ್ಕೊಡ್ಲಿ’ ಅಂದ. ಅಪ್ಪ ಚೆಲ್ಲಿಸ್ದ ಮೇಲೆ ಕೇರೀಲಿ ಯಾರು ಹೊರ್ತ್ರು? ಒಂದ್ ಮನೆಯಿಂದ್ಲೂ ಹೋಗ್ಲಿಲ್ಲ.”

“ಆಮೇಲೆ?”

“ಮೂರನೇ ದಿನ ನಿಮ್ಮನೆ ಸೂರಿಂದ ಹೊಗೆ ಎದ್ದಿತು. ಸಾವಾದ್ ಮನೇಲಿ ತಾವೇ ಒಲೆ ಹಚ್ಕಂಡಿದ್ರು, ತಾಯಿ ಮಗಳು. ಕೇರಿಗೆ ಕೇರೀನೇ ನಿಂತ್ಕಂಡಿ ಆ ಹೊಗೆ ನೋಡ್ತು. ನಾನೂ ನೋಡ್ದೆ.” ಅವರು ಬಟ್ಟಲು ಎಳೆದುಕೊಂಡರು. “ಅದಾದ್ ಮೇಲೆ ಈ ಕೇರೀಲಿ ಮೊದ್ಲು ಸತ್ತವ ನನ್ನಪ್ಪ. ಮೊದ್ಲು ಗಂಜಿ ತಂದವ್ಳು ನಿಮ್ಮಜ್ಜಿ. ಒಂದ್ ಮಾತೂ ಆಡ್ಲಿಲ್ಲ. ಇಟ್ಳು, ಉಣ್ಣಿ ಅಂದ್ಳು, ಹೋದ್ಳು. ಇಷ್ಟೆಲ್ಲ ಗೊತ್ತಿದ್ದವ ನಾ, ಅವತ್ತು ನಿನ್ ನಾಟಕ ನೋಡಿ ನಕ್ಕೆ.”

ಅವರು ಉಂಡರು. ಹಲಸಿನೆಲೆಯಿಂದ ಗಂಜಿ ಅಂಗಿಯ ಮೇಲೆ ಸೋರಿತು. ನಾನು ಒರೆಸಲು ಹೋದೆ, ಬೇಡವೆಂದರು. ಹೊರಡುವಾಗ ನನ್ನ ಕೈ ಹಿಡಿದು, “ಮುಂದಿನ್ ಸಭೇಲಿ ನಾ ನಿಂತ್ಕಂಡಿ ಹೇಳ್ತೆ, ಎಲ್ಲರ ಎದ್ರಿಗೆ. ನಿಮ್ಮಜ್ಜಿ ಬರ್ಲಿ,” ಎಂದರು.

ಖಾಲಿ ತಪ್ಪಲೆಯನ್ನು ಕೈಯಲ್ಲಿ ಹಿಡಿದು ರಸ್ತೆ ದಾಟಿದೆ. ಅಜ್ಜಿ ಚಾವಡಿಯ ಕಂಬ ಹಿಡಿದು ನಿಂತಿದ್ದಳು. ಎರಡನೆಯ ದೊರಸಾನಿ ಕದ ಹಿಡಿದು ನಿಂತಿದ್ದಳಂತಲ್ಲ, ಹಾಗೆ. ಗೋಡೆ ಹಿಡಿದು ಹೇಗೋ ಅಲ್ಲಿಯವರೆಗೆ ಬಂದು ನನ್ನ ದಾರಿ ನೋಡಿರಬೇಕು.

“ಉಂಡ್ನಾ?”

“ಉಂಡ್ರು. ಎರಡು ಬಟ್ಟಲು.”

ಅವಳು ಅಲ್ಲೇ ಕೂತಳು. ನಾನು ಮೆಟ್ಟಿಲ ಮೇಲೆ ಕೂತೆ. ಮೂರು ದಿನದ ಹಸಿವನ್ನು ಇಷ್ಟು ವರ್ಷ ಯಾರಿಗೂ ಹೇಳದೆ ಇಟ್ಟುಕೊಂಡವಳು ಪಕ್ಕದಲ್ಲಿ ಕಾಲು ನೀವಿಕೊಳ್ಳುತ್ತಿದ್ದಾಳೆ, ಎದುರು ಮನೆಯಿಂದ ಅಳು ಕೇಳುತ್ತಿದೆ. ಒಂದೇ ಉಸಿರಿಗೆ ಹೇಳಿದೆ: ಮಾಸ್ತರು ಎಲ್ಲ ಹೇಳಿದರು ಎಂದೆ, ಮುಂದಿನ ಸಭೆಯಲ್ಲಿ ಅವರೇ ಎದ್ದು ಮಾತಾಡುತ್ತಾರಂತೆ ಎಂದೆ.

“ಬರೂಕೆ ನಾ ಇರ್ಬೇಕಲ್ಲ,” ಎಂದಳು. ಮತ್ತೆ ಕಾಲು ನೀವತೊಡಗಿದಳು.

“ಅಜ್ಜಿ,” ಎಂದೆ, “ನಿನ್ನಾಣೆ, ಇನ್ ಮೇಲೆ ನಿನ್ನಪ್ಪನ ನಕಲು ಮಾಡೂದಿಲ್ಲ.”

ಅವಳು ತಲೆ ಎತ್ತಿ ನನ್ನ ನೆತ್ತಿಯನ್ನೊಮ್ಮೆ, ಕೈಯಲ್ಲಿದ್ದ ತಪ್ಪಲೆಯನ್ನೊಮ್ಮೆ ನೋಡಿದಳು.

“ನನ್ನಪ್ಪನ ನಕಲು ನೀ ಯಾವಾಗ ಮಾಡ್ದ್ಯೋ? ಅವ ಹೊತ್ತದ್ದು ತುಂಬಿದ್ ತಪ್ಪಲೆ. ಅವತ್ತು ಖಾಲಿ ತಪ್ಪಲೆ ಹೊತ್ಕಂಡಿ ಕುಣದವ ನೀನೇಯ.”